ಪ್ಯಾನೆಲ್ ಅಂಟಿಸಿ ಪುಟ್ಟ ಕ್ಯಾಂಪರ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ನಮ್ಮ ಸೊಸೈಟಿ ಗೇಟಿನೊಳಗೆ ಒಂದು ಹಳೆಯ ಪಿಕಪ್ ನಿಂತಿರುತ್ತದೆ. ಅದರ ಮೇಲೆ ಒಂದು ಬಿಳಿ ಡಬ್ಬಿ. ನೋಡಿದವರು ಮೊದಲು ಕೇಳುವುದು "ಐಸ್‌ಕ್ರೀಮ್ ಗಾಡಿ ಶುರು ಮಾಡಿದ್ರಾ?" ಅಂತ. ಅಲ್ಲ, ಅದು ಕ್ಯಾಂಪರ್, ಪ್ರವಾಸ ಹೋದಾಗ ಅದರೊಳಗೆ ನಾವಿಬ್ಬರು ಮಲಗುತ್ತೇವೆ ಎಂದ ಕೂಡಲೇ ಪ್ರಶ್ನೆ ಮೇಲೆ ಪ್ರಶ್ನೆ. ಬೆಳಗಾವಿಯಲ್ಲಿ ಮಾವನ ಮನೆಗೆ ಹೋದರೂ ಅದೇ, ಕೋಥ್ರೂಡಿನ ಕನ್ನಡದ ಗೆಳೆಯರು ಸಿಕ್ಕರೂ ಅದೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಎಂಜಿನಿಯರ್ ಅಲ್ಲ, ಅಕೌಂಟ್ಸ್ ಕೆಲಸದವನು. ಒಂದೇ ಒಂದು ಡಬ್ಬಿ ಕಟ್ಟಿದ್ದೇನೆ, ಅದರಲ್ಲಿ ಎರಡು ಮಳೆಗಾಲ ಓಡಾಡಿದ್ದೇನೆ. ಅಷ್ಟರ ಮಟ್ಟಿಗೆ ನಂಬಿ.

ಡಬ್ಬಿ ಎಷ್ಟು ದೊಡ್ಡದು? ಒಳಗೆ ನಿಲ್ಲಬಹುದಾ?

ನಿಲ್ಲಲು ಆಗುವುದಿಲ್ಲ, ಕೂರಬಹುದು. ಉದ್ದ 2.1 ಮೀಟರ್, ಅಗಲ 1.45, ಎತ್ತರ 1.25. ಗಾಡಿಯ ತೊಟ್ಟಿ ಒಂದೂವರೆ ಮೀಟರ್ ಉದ್ದ ಇದೆ. ಹಿಂಬಾಗಿಲು ಇಳಿಸಿದರೆ ಉಳಿದ 60 ಸೆಂಟಿಮೀಟರ್ ಅದರ ಮೇಲೆ ಬರುತ್ತದೆ. ರಬ್ಬರ್ ಮ್ಯಾಟ್ ಹಾಸಿ ಡಬ್ಬಿ ಕೂರಿಸಿ, ತೊಟ್ಟಿಯ ನಾಲ್ಕು ಕೊಕ್ಕೆಗಳಿಗೆ ಟರ್ನ್‌ಬಕಲ್ (ತಿರುಗಿಸಿದರೆ ಬಿಗಿಯಾಗುವ ಕೊಂಡಿ) ಹಾಕಿ ಬಿಗಿಯುತ್ತೇವೆ. ಇಬ್ಬರು ಸೇರಿದರೆ ಅರ್ಧ ಗಂಟೆಯಲ್ಲಿ ಇಳಿಸಬಹುದು. ಗಾಡಿ ಓಡುವಾಗ ಒಳಗೆ ಯಾರೂ ಕೂರುವುದಿಲ್ಲ. ಮಕ್ಕಳು ಎಷ್ಟೇ ಹಟ ಹಿಡಿದರೂ ಇಲ್ಲ.

ಸ್ಯಾಂಡ್‌ವಿಚ್ ಪ್ಯಾನೆಲ್ ಅಂದರೆ ಏನು? ಅಷ್ಟು ತೆಳ್ಳಗಿದ್ದೂ ಗಟ್ಟಿ ಹೇಗೆ?

ಒಂದು ಎಂಎಂ ದಪ್ಪದ ಫೈಬರ್ ಶೀಟ್ ಎತ್ತಿ ಹಿಡಿದರೆ ಹಸಿ ಹಪ್ಪಳದ ಹಾಗೆ ಜೋತು ಬೀಳುತ್ತದೆ. 25 ಎಂಎಂ ಫೋಮ್ ಬೋರ್ಡ್ ಮೊಣಕಾಲಿಗೆ ಒತ್ತಿದರೆ ಪಟ್ಟನೆ ಮುರಿಯುತ್ತದೆ. ಈ ಫೋಮ್‌ನ ಎರಡೂ ಬದಿಗೆ ಆ ಶೀಟ್ ಅಂಟಿಸಿ, ಎರಡು ಸ್ಟೂಲ್ ನಡುವೆ ಇಟ್ಟು ನಾನೇ ಮೇಲೆ ನಿಂತೆ. ನನ್ನ ತೂಕ 74 ಕೆಜಿ. ಅಲುಗಾಡಲಿಲ್ಲ.

ಕಟ್ಟಡದ ಕೆಲಸದಲ್ಲಿ ಕಬ್ಬಿಣದ ಐ-ಬೀಮ್ ನೋಡಿರುತ್ತೀರಿ ಅಲ್ವಾ, ಮೇಲೆ ಕೆಳಗೆ ದಪ್ಪ ಪಟ್ಟಿ, ನಡುವೆ ತೆಳು ಗೋಡೆ. ಇದೂ ಅದೇ ಲೆಕ್ಕ. ಪ್ಯಾನೆಲ್ ಬಾಗುವಾಗ ಒಂದು ಬದಿಯ ಚರ್ಮ, ಅಂದರೆ ಹೊರಗಿನ ಶೀಟ್, ಎಳೆತ ತಡೆಯುತ್ತದೆ, ಇನ್ನೊಂದು ಬದಿಯದು ಒತ್ತಡ ತಡೆಯುತ್ತದೆ. ಎರಡೂ ಹತ್ತಿರ ಬರದ ಹಾಗೆ, ಒಂದರ ಮೇಲೊಂದು ಜಾರದ ಹಾಗೆ ಹಿಡಿದಿಡುವುದು ಮಾತ್ರ ಫೋಮ್ ಕೆಲಸ. ಚರ್ಮ ಅದನ್ನೇ ಇಟ್ಟು ಫೋಮ್ ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗಿ ಸುಮಾರು ನಾಲ್ಕು ಪಟ್ಟಾಗುತ್ತದೆ. ತೂಕ ಹೆಚ್ಚುವುದು ಚೂರೇ ಚೂರು. ಆದರೆ ಅಂಟು ಬಿಟ್ಟರೆ ಆಟ ಮುಗಿಯಿತು. ಮತ್ತೆ ಹಪ್ಪಳವೇ.

ಯಾವ ಪ್ಯಾನೆಲ್ ತಗೊಳ್ಳಲಿ? ಎಸಿಪಿ ಸಾಕಾ?

ಅಂಗಡಿ ಬೋರ್ಡಿಗೆ ಹಾಕುವ ಎಸಿಪಿ ಎಲ್ಲ ಕಡೆ ಸಿಗುತ್ತದೆ, ಹೊಳೆಯುತ್ತದೆ, ಅದಕ್ಕೇ ಎಲ್ಲರಿಗೂ ಮೊದಲು ಅದೇ ನೆನಪಾಗುತ್ತದೆ. ಎಸಿಪಿಯಲ್ಲಿ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುತ್ತದೆ, ಫೋಮ್ ಅಲ್ಲ. ಸಾಮಾನ್ಯ ಎಸಿಪಿಯಲ್ಲಿ ಅದು ಪಾಲಿಎಥಿಲೀನ್, ಬೆಂಕಿ ಹತ್ತಿದರೆ ಕರಗಿ ಉರಿಯುತ್ತದೆ. 4 ಎಂಎಂ ಎಸಿಪಿ ಚದರ ಮೀಟರಿಗೆ ಐದೂವರೆ ಕೆಜಿ ತೂಗುತ್ತದೆ. ಒಂದೇ ಹಾಳೆಯಲ್ಲಿ ನನ್ನ ಇಡೀ ಪ್ಯಾನೆಲ್‌ನ ತೂಕ ಮುಗಿದೇ ಹೋಯಿತು, ಬಿಸಿಲು ತಡೆಯುವುದೂ ಇಲ್ಲ. ನಾನು ಬೇಡ ಎನ್ನುತ್ತೇನೆ.

ಕೋಲ್ಡ್ ಸ್ಟೋರೇಜಿಗೆ ಬಳಸುವ ಪಫ್ ಪ್ಯಾನೆಲ್ ರೆಡಿ ಸಿಗುತ್ತದೆ, ತಂಪಾಗಿಡುತ್ತದೆ. ಆದರೆ ಎರಡೂ ಬದಿ ಅರ್ಧ ಎಂಎಂ ಕಬ್ಬಿಣದ ತಗಡು. ತಗಡೇ ಚದರ ಮೀಟರಿಗೆ ಎಂಟು ಕೆಜಿ ಹತ್ತಿರ, 50 ಎಂಎಂ ಫೋಮ್ ಸೇರಿದರೆ ಹತ್ತು. ಜಾಗದಿಂದ ಕದಲದ ಗೂಡಂಗಡಿಗೆ ಸರಿ. ಗಾಡಿ ಮೇಲೆ ಹೊತ್ತು ತಿರುಗಲು ಅಲ್ಲ.

ಪ್ಲೈವುಡ್ 12 ಎಂಎಂನದು ಚದರ ಮೀಟರಿಗೆ ಎಂಟು ಕೆಜಿ, ಮಳೆ ಕುಡಿದರೆ ಇನ್ನೂ ಜಾಸ್ತಿ. ಮಾಡ್ಯುಲರ್ ಕಿಚನ್‌ನವರ ಪಿವಿಸಿ ಬೋರ್ಡ್ "ಹಗುರ ಇದೆ ಸರ್" ಎಂದು ತೋರಿಸುತ್ತಾರೆ, 18 ಎಂಎಂ ಹಾಳೆ ತೂಗಿ ನೋಡಿ, ಪ್ಲೈಗಿಂತ ಅಂಥಾ ಕಡಿಮೆ ಏನಿಲ್ಲ.

ನಾನು ಹಾಕಿದ್ದು: 25 ಎಂಎಂ ಎಕ್ಸ್‌ಪಿಎಸ್ ಎಂಬ ಫೋಮ್ ಬೋರ್ಡ್, ಎರಡೂ ಬದಿ ಒಂದು ಎಂಎಂ ಫೈಬರ್ ಶೀಟ್. ಲೆಕ್ಕ ಹೀಗೆ. ಶೀಟ್ ಎರಡು ಸೇರಿ 2.9 ಕೆಜಿ, ಫೋಮ್ 0.8, ಅಂಟು 0.6. ಚದರ ಮೀಟರಿಗೆ ನಾಲ್ಕೂವರೆ ಕೆಜಿಯೊಳಗೆ ಮುಗಿಯಿತು. ನೆಲಕ್ಕೆ ಮಾತ್ರ ಮೇಲಿನಿಂದ 6 ಎಂಎಂ ಮರೀನ್ ಪ್ಲೈ ಅಂಟಿಸಿದೆ. ಮೊಣಕಾಲೂರಿ ಕೂತಾಗ, ಪಾತ್ರೆ ಬಿದ್ದಾಗ, ಒಂದೇ ಬಿಂದುವಿನ ಮೇಲೆ ಬೀಳುವ ಪೆಟ್ಟಿಗೆ ತೆಳು ಫೈಬರ್ ತಗ್ಗು ಬೀಳುತ್ತದೆ. ಪ್ಲೈ ಕೊಳ್ಳುವಾಗ ಐಎಸ್ 710 ಎಂಬ ಮುದ್ರೆ ನೋಡಿ, ಅದು ಮರೀನ್‌ನದು. ಐಎಸ್ 303 ಬೇರೆ, ಮನೆಯ ಪೀಠೋಪಕರಣದ್ದು.

ಥರ್ಮಾಕೋಲ್ ಹಾಕಿದರೆ ಅಗ್ಗ ಆಗುತ್ತಲ್ಲ?

ಆಗುತ್ತದೆ. ಟಿವಿ ಡಬ್ಬಿಯೊಳಗಿನ ಕಾಳುಕಾಳಿನ ಥರ್ಮಾಕೋಲ್ ನೋಡಿ, ಉಗುರಿನಿಂದ ಕೆರೆದರೆ ಕಾಳು ಉದುರುತ್ತದೆ. ಶೀಟ್ ಆ ಕಾಳಿಗೆ ಅಂಟುತ್ತದೆ, ಕಾಳು ಬೋರ್ಡಿನಿಂದ ಬಿಡುತ್ತದೆ. ಎಕ್ಸ್‌ಪಿಎಸ್ ಕೂಡ ಅದೇ ಜಾತಿಯ ಪ್ಲಾಸ್ಟಿಕ್, ಆದರೆ ಒತ್ತಾಗಿ ಒಂದೇ ತುಂಡಾಗಿ ಬಂದಿರುತ್ತದೆ, ನೀರನ್ನೂ ಹೀರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಫೈಬರ್ ಕೆಲಸದವರು ಬಳಸುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ. ಅದು ಥರ್ಮಾಕೋಲನ್ನೂ ಎಕ್ಸ್‌ಪಿಎಸ್‌ಅನ್ನೂ ಕರಗಿಸಿ ತಿನ್ನುತ್ತದೆ. ನಾನು ನಂಬದೆ ಒಂದು ತುಂಡಿನ ಮೇಲೆ ಎರಡು ಚಮಚ ಸುರಿದೆ. ಚಹಾ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಗುಂಡಿ. ಎಕ್ಸ್‌ಪಿಎಸ್ ಜತೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಇಲ್ಲವೇ ಪಿಯು, ಅಂದರೆ ಪಾಲಿಯುರೆಥೇನ್ ಅಂಟು ಮಾತ್ರ. ಪಾಲಿಯೆಸ್ಟರ್ ರೆಸಿನ್ನೇ ಬೇಕು ಎಂದಾದರೆ ತಿರುಳಿಗೆ ಪಿಯು ಫೋಮ್ ತಗೊಳ್ಳಿ, ಅದು ಕರಗುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ ರೆಸಿನ್ ಜತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ, ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂಥ ಹಾರ್ಡನರ್. ಇವೆರಡನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ. ಬೆಂಕಿ ಏಳುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ಹಾಕಿ ರೆಸಿನ್ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಹಾರ್ಡನರ್ ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ, ಕನ್ನಡಕ ಹಾಕದೆ ಬಾಟಲಿ ಮುಟ್ಟಬೇಡಿ.

ಶೀಟ್ ಅಂಟಿಸುವುದು ಹೇಗೆ? ಮೇಲೆ ಕಲ್ಲು ಹೇರಿದರೆ ಸಾಕಾ?

ಮೊದಲ ಪ್ಯಾನೆಲಿಗೆ ನಾನೂ ಹಾಗೇ ಮಾಡಿದೆ. 25 ಕೆಜಿಯ ಮರಳು ಚೀಲ ಇಪ್ಪತ್ತು ಹೇರಿದೆ. ಒಟ್ಟು ಅರ್ಧ ಟನ್. ಕೇಳಲು ಬಹಳ ಅನಿಸುತ್ತದೆ, ಆದರೆ ಎಂಟು ಅಡಿ ನಾಲ್ಕು ಅಡಿ ಹಾಳೆ ಎಂದರೆ ಮೂರು ಚದರ ಮೀಟರ್. ಚದರ ಮೀಟರಿಗೆ ಬಿದ್ದದ್ದು 170 ಕೆಜಿ ಅಷ್ಟೇ, ಅದೂ ಚೀಲ ಇದ್ದ ಕಡೆ ಮಾತ್ರ. ಚೀಲಗಳ ನಡುವೆ ಅಂಟು ಹಿಡಿಯಲೇ ಇಲ್ಲ. ಬೆನ್ನು ಮಾತ್ರ ಹಿಡಿಯಿತು.

ಗಾಳಿ ಎಳೆದುಬಿಡಿ, ವಾತಾವರಣವೇ ಒತ್ತುತ್ತದೆ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಮುಂಬೈಗಿಂತ ಒತ್ತಡ ಸ್ವಲ್ಪ ಕಡಿಮೆ. ಆದರೂ ಪೂರ್ತಿ ನಿರ್ವಾತ ಮಾಡಿದರೆ ಚದರ ಮೀಟರಿಗೆ ಒಂಬತ್ತು ಟನ್ ಮೇಲೆ ಬೀಳುತ್ತದೆ. ಅರ್ಧ ಎಳೆದರೂ ನಾಲ್ಕು ಟನ್‌ಗೆ ಮೋಸ ಇಲ್ಲ, ಅದೂ ಮೂಲೆಮೂಲೆಗೂ ಸಮನಾಗಿ. ನನ್ನ ಪಂಪು ಜೂನಾ ಬಜಾರಿನಲ್ಲಿ ಸಿಕ್ಕ ಹಳೆ ಫ್ರಿಜ್‌ನ ಕಂಪ್ರೆಸರ್. ಪ್ಯಾನೆಲ್ ಮೇಲೆ ಗಿಡಗಳಿಗೆ ಹಾಕುವ ಹಸಿರು ಶೇಡ್ ನೆಟ್ ಹಾಸುತ್ತೇನೆ, ಗಾಳಿ ಎಲ್ಲ ಕಡೆಯಿಂದ ಹೊರಬರಲು ದಾರಿ ಬೇಕಲ್ಲ. ಅದರ ಮೇಲೆ ದಪ್ಪ ಪ್ಲಾಸ್ಟಿಕ್, ಸುತ್ತ ಬ್ಯುಟೈಲ್ ಎಂಬ ಅಂಟಂಟು ರಬ್ಬರ್ ಟೇಪ್. ಕಂಪ್ರೆಸರ್ ಶುರುವಾದ ಐದು ನಿಮಿಷಕ್ಕೆ ಪ್ಲಾಸ್ಟಿಕ್ ಬಿಗಿದು ನೆಟ್‌ನ ಒಂದೊಂದು ಕಣ್ಣೂ ಕಾಣುತ್ತದೆ. ಎಲ್ಲಾದರೂ ಸುಯ್ ಎಂದರೆ ಅಲ್ಲಿ ಟೇಪ್ ಒತ್ತಿ.

ಫೋಮ್ ಮೇಲ್ಮೈ ನುಣುಪಾಗಿರುತ್ತದೆ, ಉಜ್ಜದೆ ಅಂಟು ಹಚ್ಚಬೇಡಿ. ಶೀಟ್‌ನ ಒಳಬದಿಯೂ ಅಷ್ಟೇ, 80 ನಂಬರ್ ಪೇಪರ್. ಧೂಳು ಒರೆಸಿ. ಮತ್ತೆ, ಮೇಜು ಸಮತಟ್ಟಾಗಿರಲಿ. ನಾನು ಎರಡು ಕುದುರೆ ಸ್ಟ್ಯಾಂಡ್ ಮೇಲೆ ಪ್ಲೈ ಇಟ್ಟು ಅಂಟಿಸಿದ ಪ್ಯಾನೆಲ್ ನಡುವೆ 6 ಎಂಎಂ ಜೋಲಿತು. ಅಂಟು ಒಣಗಿದ ಮೇಲೆ ಆ ಜೋಲು ಶಾಶ್ವತ. ಅದೇ ಈಗ ನನ್ನ ಎಡಗೋಡೆ.

ಮೂಲೆ ಜೋಡಿಸುವುದು ಹೇಗೆ?

ಇದಕ್ಕೇ ಈ ಪುಟ ಬರೆದದ್ದು ಎಂದರೂ ನಡೆಯುತ್ತದೆ. ನಾನು ಕೆಲಸ ಮಾಡಿದ್ದು ಭೋಸರಿಯ ಒಂದು ಫೈಬರ್ ಶೆಡ್‌ನ ಮೂಲೆಯಲ್ಲಿ, ಬಾಡಿಗೆಗೆ. ಅಲ್ಲಿಯ ಮೇಸ್ತ್ರಿ ಜಮಖಂಡಿ ಕಡೆಯವರು. ಮೊದಲ ವಾರ ನನ್ನ ಪ್ಯಾನೆಲ್‌ಗಳನ್ನು ಸಾಲಾಗಿ ಗೋಡೆಗೆ ಒರಗಿಸಿ ಹೆಮ್ಮೆಯಿಂದ ನಿಂತಿದ್ದೆ. ಅವರು ಬಂದು ಒಂದರ ಅಂಚಿನಲ್ಲಿ ಕಾಣುವ ನೀಲಿ ಫೋಮ್‌ಗೆ ಉಗುರು ಚುಚ್ಚಿದರು. "ಪ್ಯಾನಲ್ ಎಲ್ಲಾರೂ ಮಾಡ್ತಾರ್ರೀ ಸರ. ಅಂಚು ಮುಚ್ಚೂದು ನೋಡ್ರಿ, ಅದ ಖರೇ ಕೆಲಸ."

ಅವರ ಮಾತು ನನಗೆ ಅರ್ಥವಾಗಿದ್ದು ಒಂದು ಮಳೆಗಾಲ ಕಳೆದ ಮೇಲೆ. ಪ್ಯಾನೆಲ್ ಗೋಡೆ ನಡುವೆ ಎಲ್ಲೂ ಕೆಡುವುದಿಲ್ಲ. ಕೆಡುವುದು ಅಂಚಿನಲ್ಲಿ, ತೂತಿನಲ್ಲಿ, ಜೋಡಣೆಯಲ್ಲಿ.

ಅವರು ಕಲಿಸಿದ ವಿಧಾನ ಇದು. ಒಂದು ಪ್ಯಾನೆಲ್‌ನ ಅಂಚಿನಲ್ಲಿ ಒಳಚರ್ಮವನ್ನೂ ಫೋಮನ್ನೂ ಇನ್ನೊಂದು ಪ್ಯಾನೆಲ್‌ನ ದಪ್ಪದಷ್ಟು, 27 ಎಂಎಂ, ಅಗಲಕ್ಕೆ ಕೊರೆದು ತೆಗೆಯಬೇಕು, ಹೊರಚರ್ಮ ನಾಲಿಗೆಯ ಹಾಗೆ ಉಳಿಯಬೇಕು. ಇನ್ನೊಂದು ಪ್ಯಾನೆಲ್‌ನ ಅಂಚು ಆ ಮೆಟ್ಟಿಲಿನಲ್ಲಿ ಕೂರುತ್ತದೆ. ಮುಖಕ್ಕೆ ಮುಖ ಇಟ್ಟು ಅಂಟಿಸಿದರೆ ಅಂಟಿಗೆ ಸಿಗುವುದು ತೆಳು ಗೆರೆ. ಮೆಟ್ಟಿಲು ಮಾಡಿದರೆ ಎರಡು ಬದಿ ಸಿಗುತ್ತದೆ. ಒಳಮೂಲೆಗೆ ಗಟ್ಟಿಯಾಗಿ ಕಲಸಿದ ಎಪಾಕ್ಸಿ ಹಚ್ಚಿ, ಚಮಚದ ಬೆನ್ನಿನಿಂದ ಎಳೆದು ದುಂಡು ಮಾಡಿ. ಅದು ಪೂರ್ತಿ ಒಣಗುವ ಮೊದಲೇ ಮೇಲೆ ಗ್ಲಾಸ್ ಕ್ಲಾತ್ (ಗಾಜಿನ ನೂಲಿನ ಬಟ್ಟೆ) ಪಟ್ಟಿ, ಒಂದು 75 ಎಂಎಂ, ಅದರ ಮೇಲೆ 100 ಎಂಎಂ. ಪಟ್ಟಿ ಬಟ್ಟೆಯಂತೆ ಬಿಳಿಯಾಗಿ ಕಂಡರೆ ರೆಸಿನ್ ಸಾಲದು. ರೆಸಿನ್ ಕುಡಿದ ಪಟ್ಟಿ ಗಾಜಿನಂತೆ ಮಾಯವಾಗಬೇಕು. ರೋಲರ್ ಎಳೆಯುತ್ತಾ ಗುಳ್ಳೆಗಳನ್ನು ಅಂಚಿಗೆ ಓಡಿಸಿ. ಹೊರಮೂಲೆಗೆ 40 ಎಂಎಂ ಅಲ್ಯೂಮಿನಿಯಂ ಆಂಗಲ್, ಪಿಯು ಅಂಟಿನ ಮೇಲೆ.

ಆ ಪಿಯು ಅಂಟನ್ನು ಹಿಂಡಿ ಹಿಂಡಿ ತೆಳ್ಳಗೆ ಮಾಡಬೇಡಿ. ಎರಡು ಮೂರು ಎಂಎಂ ದಪ್ಪ ಉಳಿಯಬೇಕು. ಬಿಸಿಲಿಗೆ ಅಲ್ಯೂಮಿನಿಯಂ ಒಂದಷ್ಟು ಹಿಗ್ಗುತ್ತದೆ, ಫೈಬರ್ ಇನ್ನೊಂದಷ್ಟು. ಘಾಟಿನ ತಿರುವಿನಲ್ಲಿ ಡಬ್ಬಿ ಚೂರು ತಿರುಚುತ್ತದೆ. ಆ ಎಳೆದಾಟವನ್ನು ರಬ್ಬರಿನಂಥ ದಪ್ಪ ಅಂಟು ನುಂಗುತ್ತದೆ. ಬಸ್ ಬಾಡಿ ಕಟ್ಟುವವರ ಹತ್ತಿರ ಕೇಳಿದರೆ ಸಿಕಾಫ್ಲೆಕ್ಸ್ 252 ಎಂಬ ಹೆಸರು ಬರುತ್ತದೆ, ಅದು ಇಂಥ ಕೆಲಸದ್ದೇ. ಮಧ್ಯೆ ಮಧ್ಯೆ 3 ಎಂಎಂ ರಬ್ಬರ್ ಚೂರು ಇಟ್ಟರೆ ದಪ್ಪ ತಾನಾಗಿ ಸಿಗುತ್ತದೆ. ಈ ಅಂಟು ಗಾಳಿಯ ತೇವದಿಂದಲೇ ಒಣಗುವುದು, ಹೊರಗಿನಿಂದ ಒಳಕ್ಕೆ, ದಿನಕ್ಕೆ ಮೂರು ಎಂಎಂ ಆಸುಪಾಸು. ಹಾಗಾಗಿ ನಾಳೆಯೇ ಗಾಡಿ ಹೊರಡಿಸಬೇಡಿ, ಒಂದು ವಾರ ಬಿಡಿ.

ಸ್ಕ್ರೂ ಹಾಕುವುದು ಹೇಗೆ? ಫೋಮ್‌ನಲ್ಲಿ ನಿಲ್ಲುತ್ತಾ?

ನಿಲ್ಲುವುದಿಲ್ಲ. ಬಾಗಿಲ ಕೀಲು, ಕಟ್ಟುವ ಕೊಕ್ಕೆ, ಜ್ಯಾಕ್, ಎಲ್ಲೆಲ್ಲಿ ಬರುತ್ತದೆ ಎಂದು ಅಂಟಿಸುವ ಮೊದಲೇ ಗುರುತು ಹಾಕಿ ಅಲ್ಲಿಯ ಫೋಮ್ ಕಿತ್ತು ಗಟ್ಟಿ ಮರ ಕೂರಿಸಿ. ಮರೆತು ಹೋದರೆ? ನಾನು ಎರಡು ಕಡೆ ಮರೆತಿದ್ದೆ. ಸಣ್ಣ ತೂತು ಕೊರೆದು, ಬಾಗಿಸಿದ ಮೊಳೆಯನ್ನು ಡ್ರಿಲ್‌ಗೆ ಸಿಕ್ಕಿಸಿ ಒಳಗಿನ ಫೋಮ್ ರುಬ್ಬಿ ತೆಗೆದು, ಆ ಗುಂಡಿಗೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸ್ಕ್ರೂ. ಚೆನ್ನಾಗಿ ನಿಂತಿದೆ. ಬೋಲ್ಟ್ ಬಿಗಿಯುವ ಕಡೆ ಎರಡೂ ಬದಿ ಅಗಲ ವಾಷರ್ ಬೇಕೇ ಬೇಕು.

ಸೋರುತ್ತಾ?

ಸೋರಿತು. ಜುಲೈನಲ್ಲಿ ಬೆಳಗಾವಿಯಿಂದ ಅಂಬೋಲಿಗೆ ಹೋಗಿದ್ದೆವು. ಅಂಬೋಲಿ ಮಳೆ ಕಂಡವರಿಗೆ ಹೇಳಬೇಕಿಲ್ಲ, ಅದು ಬೀಳುವುದಲ್ಲ, ಅಡ್ಡಡ್ಡ ಬಂದು ಹೊಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಹೆಂಡತಿ ಎಬ್ಬಿಸಿದಳು. "ರೀ, ಒಳಗೂ ಮಳೆ ಶುರುವಾಯ್ತು." ದಿಂಬು ಒದ್ದೆ. ಟಾರ್ಚ್ ಹಾಕಿದರೆ ಮೇಲೆ ಹ್ಯಾಚ್ (ಚಾವಣಿಯ ಮುಚ್ಚಳದ ಕಿಂಡಿ) ಸುತ್ತ ಎಲ್ಲ ಒಣಗಿಯೇ ಇದೆ, ನೀರು ತೊಟ್ಟಿಕ್ಕುತ್ತಿರುವುದು ಎರಡು ಅಡಿ ಆಚೆ, ಲೈಟಿನ ತೂತಿನಿಂದ.

ಪುಣೆಗೆ ಬಂದ ಮೇಲೆ ಮೇಸ್ತ್ರಿ ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಚಾವಣಿ ಬಡಿಯುತ್ತಾ ಹೋದರು. ಟಕ್ ಟಕ್ ಟಕ್, ಆಮೇಲೆ ದಬ್. ದಬ್ ಎಂದ ಕಡೆ ಪೆನ್ಸಿಲ್ ಗೆರೆ. ಹತ್ತು ನಿಮಿಷದಲ್ಲಿ ಹ್ಯಾಚ್‌ನ ಒಂದು ಮೂಲೆಯಿಂದ ಲೈಟಿನವರೆಗೆ ಅಂಗೈ ಅಗಲದ ಒಂದು ನದಿ ಚಿತ್ರ ಬಂತು. ಶೀಟ್ ಮತ್ತು ಫೋಮ್ ನಡುವೆ ಅಂಟು ಬಿಟ್ಟ ಜಾಗ ಅದು. ಫೋಮ್ ನೀರು ಹೀರಿರಲಿಲ್ಲ, ನೀರು ಅದರ ಮೇಲೆ ಜಾರಿಕೊಂಡು ಹೋಗಿತ್ತು. ಅದಕ್ಕೇ ಸೋರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು.

ತಪ್ಪು ನನ್ನದೇ. ಹ್ಯಾಚ್ ಚೌಕಟ್ಟಿಗೆ ಚಾವಣಿಯೊಳಗೆ ಸ್ಕ್ರೂ ಇಳಿಸಿ, ಮೇಲೆ ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್ ಹಚ್ಚಿದ್ದೆ. ಕತ್ತರಿಸಿದ ಫೋಮ್ ಅಂಚನ್ನು ಮುಚ್ಚಿರಲೇ ಇಲ್ಲ. ಸಿಲಿಕಾನ್‌ನ ಇನ್ನೊಂದು ಕಿರಿಕಿರಿ ಎಂದರೆ ಒಮ್ಮೆ ಹಚ್ಚಿದ ಕಡೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಒಂದು ಭಾನುವಾರ ಪೂರ್ತಿ ಕೆರೆದದ್ದೇ ಕೆರೆದದ್ದು.

ರಿಪೇರಿ ಹೀಗೆ ಮಾಡಿದೆವು. ಒಳಚರ್ಮಕ್ಕೆ ಸಣ್ಣ ತೂತುಗಳನ್ನು ಕೊರೆದು ನೀರು ಬಸಿಯಲು ಬಿಟ್ಟೆವು. ಮಳೆಗಾಲದಲ್ಲಿ ಒಣಗಲಿಲ್ಲ, ಮಾರ್ಚ್‌ವರೆಗೆ ಕಾದೆವು. ಆಮೇಲೆ ಮೆಡಿಕಲ್ ಶಾಪಿನ ಸಿರಿಂಜ್‌ನಲ್ಲಿ ಎಪಾಕ್ಸಿ ಚುಚ್ಚಿ, ಮೇಲೆ ಹಲಗೆ ಇಟ್ಟು ಒತ್ತಿದೆವು. ಹ್ಯಾಚ್ ರಂಧ್ರದ ಸುತ್ತ ಫೋಮ್ ತೆಗೆದು ಮರದ ಚೌಕಟ್ಟು, ಎಪಾಕ್ಸಿ, ಬ್ಯುಟೈಲ್ ಟೇಪ್, ಹೊರಗೆ ಪಿಯು ಸೀಲೆಂಟ್. ಈಗ ಚಾವಣಿಯಲ್ಲಿ ಒಂದೂ ಸ್ಕ್ರೂ ಇಲ್ಲ. ಸೋಲಾರ್ ಕೂಡ ಅಂಟಿನಿಂದಲೇ ನಿಂತಿದೆ. ಮೊದಲ ಪ್ರವಾಸಕ್ಕೆ ಮುಂಚೆ ಅರ್ಧ ಗಂಟೆ ಪೈಪ್ ಹಿಡಿದು ನೀರು ಹೊಡೆಯಿರಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ.

ಏಪ್ರಿಲ್ ಬಿಸಿಲಿಗೆ ಒಳಗೆ ಬೇಯುವುದಿಲ್ಲವಾ?

ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಯಾವ ಡಬ್ಬಿಯೂ ತಂಪಿರುವುದಿಲ್ಲ, ನೆರಳು ಹುಡುಕಿ. ರಾತ್ರಿ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ, ತಗಡಿನ ಗಾಡಿಯ ಹಾಗೆ ಒಳಗೆ ಧಗೆ ಉಗುಳುವುದಿಲ್ಲ. ಬಣ್ಣ ಬಿಳಿಯೇ ಇರಲಿ. ಅಂದಕ್ಕಲ್ಲ. ಎಕ್ಸ್‌ಪಿಎಸ್ 75 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಕಪ್ಪು ಬಣ್ಣ ಬಳಿದ ಚಾವಣಿ ಬಿಸಿಲಿಗೆ ಅಷ್ಟು ಕಾಯುವುದು ಏನೂ ದೂರದ ಮಾತಲ್ಲ.

ಚಳಿಗಾಲದಲ್ಲಿ ಉಲ್ಟಾ ತೊಂದರೆ. ಇಬ್ಬರ ಉಸಿರಿನ ತೇವ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಹನಿಯಾಗಿ ಕೂರುತ್ತದೆ. ಮೊದಲ ಸಲ ನೋಡಿ ಮತ್ತೆ ಸೋರಿತು ಎಂದು ಎದೆ ಧಸಕ್ಕೆಂದಿತು. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ ತೆರೆದೇ ಇಡಿ. 12 ವೋಲ್ಟ್ ಸಣ್ಣ ಫ್ಯಾನ್ ಸಾಕು.

ಒಳಗೆ ಅಡುಗೆ?

ಇಲ್ಲ. ಹಿಂದಿನ ಬಾಗಿಲೆತ್ತಿ ಹೊರಗೆ ನಿಂತು ಮಾಡುತ್ತೇವೆ. ಎಕ್ಸ್‌ಪಿಎಸ್ ಉರಿಯುತ್ತದೆ, ಅದರ ಹೊಗೆ ವಿಷ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೀವು ಮಲಗಿದ ಮಟ್ಟದಲ್ಲೇ ಬಂದು ನಿಲ್ಲುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಸ್ಟೌ ಹಚ್ಚಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಬೇರೆ, ಅದಕ್ಕೆ ವಾಸನೆಯೂ ಇಲ್ಲ. ಬಾಗಿಲ ಪಕ್ಕ ಎರಡು ಕೆಜಿಯ ಅಗ್ನಿಶಾಮಕ ಸಿಲಿಂಡರ್ ಇದೆ. ಕಿಟಕಿ ಒಬ್ಬರು ನುಸುಳಿ ಹೊರಬರುವಷ್ಟು ದೊಡ್ಡದಿದೆ. ಹೆಂಡತಿ ಒಮ್ಮೆ ನುಸುಳಿ ತೋರಿಸಿದ ಮೇಲೇ ಅಳತೆ ಪಕ್ಕಾ ಮಾಡಿದ್ದು.

ಆರ್‌ಟಿಒದವರು ಬಿಡ್ತಾರಾ?

ಗಾಡಿಯನ್ನೇ ಬದಲಾಯಿಸುವುದು ಬೇರೆ, ಇಳಿಸಬಹುದಾದ ಡಬ್ಬಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವ್ಯಾನ್ ಒಳಗೆ ಮನೆ ಕಟ್ಟುವ ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ, ಅದಕ್ಕೆ ಪರೀಕ್ಷೆ, ಪ್ರಮಾಣಪತ್ರ ಬೇಕು. ಪರೀಕ್ಷೆ ಮಾಡುವ ಸಂಸ್ಥೆಗಳ ಪೈಕಿ ಎಆರ್‌ಎಐ ನಮ್ಮ ಕೋಥ್ರೂಡ್ ಗುಡ್ಡದ ಮೇಲೇ ಇದೆ, ಸಿಐಆರ್‌ಟಿ ಭೋಸರಿಯಲ್ಲಿದೆ. ಆದರೆ ಅದು ಕಂಪನಿಗಳ ದಾರಿ, ಒಂದು ಗಾಡಿ ಕಟ್ಟುವವರಿಗೆ ದುಬಾರಿ.

ಇಳಿಸುವ ಡಬ್ಬಿ ಎಂದ ಮಾತ್ರಕ್ಕೆ ಎಲ್ಲ ಮಾಫಿ ಎಂದುಕೊಳ್ಳಬೇಡಿ. ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಬಾರದು. ಹಿಂದಿನ ಆಕ್ಸಲ್‌ನಿಂದ ಹಿಂದಕ್ಕೆ ಚಾಚುವುದು ಎರಡು ಆಕ್ಸಲ್‌ಗಳ ನಡುವಿನ ದೂರದ ಶೇ. 60 ಮೀರಬಾರದು. ವೆಲ್ಡಿಂಗ್ ಬೇಡ, ಚಾಸಿಗೆ ತೂತು ಬೇಡ. ಕಟ್ಟುವ ಮೊದಲೇ ಸ್ಕೆಚ್ ಹಿಡಿದು ನಿಮ್ಮ ಆರ್‌ಟಿಒಗೆ ಹೋಗಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಕಟ್ಟಿದ ಮೇಲೆ ಕೇಳುವುದಕ್ಕಿಂತ ಅದು ಅಗ್ಗ.

ಒಟ್ಟು ತೂಕ ಎಷ್ಟಾಯಿತು?

ಪ್ಯಾನೆಲ್ 15 ಚದರ ಮೀಟರ್, 67 ಕೆಜಿ. ಆಂಗಲ್, ಅಂಟು, ಗ್ಲಾಸ್ ಪಟ್ಟಿ 14. ಬಾಗಿಲು, ಕಿಟಕಿ, ಹ್ಯಾಚ್ 18. ನೆಲದ ಪ್ಲೈ 12. ಹಾಸಿಗೆ 8, ಲಿಥಿಯಂ ಬ್ಯಾಟರಿ 12, ಸೋಲಾರ್ 3, ನೀರು 20, ಸ್ಟೌ ಪಾತ್ರೆ ಸೇರಿ 10. ಕೂಡಿದರೆ 164. ಹೆದ್ದಾರಿ ಪಕ್ಕದ ತೂಕದ ಕಾಟಾಕ್ಕೆ ಹೋಗಿ ನೋಡಿದರೆ 190! ಆ 26 ಕೆಜಿ ಎಲ್ಲಿಂದ ಬಂತು? ಮನೆಗೆ ಬಂದು ಡಬ್ಬಿ ಖಾಲಿ ಮಾಡಿದೆವು. ಬೆಳಗಾವಿಯಿಂದ ತಂದ ಜೋಳದ ಚೀಲ ಇಳಿಸುವುದನ್ನೇ ಮರೆತಿದ್ದೆವು.

ತಮಾಷೆ ಬಿಡಿ. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತದೆ. ಕಳೆದರೆ ಉಳಿಯುವುದರಲ್ಲಿ ನೀವು, ಸಾಮಾನು, ಡಬ್ಬಿ ಎಲ್ಲ ಬರಬೇಕು. ಖಾಸಗಿ ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಅದು ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇರುತ್ತದೆ. ಮೊದಲು ಆ ಸಂಖ್ಯೆ ನೋಡಿ, ಆಮೇಲೆ ಪೆನ್ಸಿಲ್ ಹಿಡಿಯಿರಿ.

ಸಾಮಾನು ಪುಣೆಯಲ್ಲಿ ಎಲ್ಲಿ ಸಿಗುತ್ತದೆ?

ಪ್ಲೈ, ಮರ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್. ಕೀಲು, ಕೊಕ್ಕೆ, ಟರ್ನ್‌ಬಕಲ್ ರವಿವಾರ ಪೇಟೆಯ ಬೋಹರಿ ಆಳಿ. ದೀಪ, ವೈರ್, ರಬ್ಬರ್ ಬೀಡಿಂಗ್ ನಾನಾ ಪೇಟೆ. ರೆಸಿನ್, ಗ್ಲಾಸ್ ಕ್ಲಾತ್, ಫೈಬರ್ ಶೀಟ್ ಭೋಸರಿ ಎಂಐಡಿಸಿ (ಕೈಗಾರಿಕಾ ಪ್ರದೇಶ) ಕಡೆ. ಎಕ್ಸ್‌ಪಿಎಸ್ ಅನ್ನು ಕಟ್ಟಡದ ಚಾವಣಿಗೆ ಹಾಕುವವರ ಹತ್ತಿರ ಕೇಳಿ. ಪೇಟೆ ಅಂಗಡಿಗಳು ಮಧ್ಯಾಹ್ನ ಮುಚ್ಚಿದ್ದರೆ ಆಶ್ಚರ್ಯ ಬೇಡ, ಇದು ಪುಣೆ.

ಸೊಸೈಟಿ ಪಾರ್ಕಿಂಗಿನಲ್ಲೇ ಕಟ್ಟಬಹುದಲ್ಲ?

ಮೊದಲ ದಿನ ನಾನೂ ಅಲ್ಲೇ ಶುರು ಮಾಡಿದೆ. ಮೇ ತಿಂಗಳು, ಎರಡು ಕೆಜಿ ಎಪಾಕ್ಸಿ ಒಂದೇ ಬಕೆಟ್‌ನಲ್ಲಿ ಕಲಸಿದೆ. ಕಲಸಿದ ರೆಸಿನ್ ಒಟ್ಟಿಗೆ ಕೂತರೆ ತನ್ನ ಬಿಸಿಯಲ್ಲೇ ತಾನು ಕುದಿಯುತ್ತದೆ. ಹತ್ತು ನಿಮಿಷದಲ್ಲಿ ಹೊಗೆ, ಬಕೆಟ್ ತಳ ಸೊಟ್ಟ. ಮೂರನೇ ಮಹಡಿಯ ಕಾಕೂ ಬಾಲ್ಕನಿಯಿಂದ ಕೂಗಿದರು. ಸಂಜೆಗೆ ಸೆಕ್ರೆಟರಿ ಕಾಕಾ ನೋಟಿಸ್ ಹಿಡಿದು ಬಂದರು. ಅವರದೂ ತಪ್ಪಿಲ್ಲ. ಸಣ್ಣ ಸಣ್ಣದಾಗಿ, ಅಗಲ ತಟ್ಟೆಯಲ್ಲಿ ಕಲಸಿ. ಫೈಬರ್ ಉಜ್ಜಿದ ಧೂಳು ಮೈಗೆಲ್ಲ ಚುಚ್ಚುತ್ತದೆ, ಅದು ಪಕ್ಕದ ಮನೆಯವರ ಒಣಹಾಕಿದ ಬಟ್ಟೆ ಮೇಲೆ ಕೂರುವುದು ಬೇಡ. ಶೆಡ್ ಬಾಡಿಗೆ ಹಿಡಿಯಿರಿ. ಮಾಸ್ಕ್ ಒಳ್ಳೆಯದು ಹಾಕಿ, ಸುಮ್ನೆ ಕರವಸ್ತ್ರ ಕಟ್ಟಿಕೊಂಡರೆ ಆಗಲ್ಲ.

ಎಷ್ಟು ದಿನ, ಎಷ್ಟು ಖರ್ಚು?

ಶನಿವಾರ ಭಾನುವಾರ ಮಾತ್ರ ಹಿಡಿದು ಏಳು ತಿಂಗಳು. ಖರ್ಚಿನಲ್ಲಿ ಪ್ಯಾನೆಲ್‌ನದು ಮೂರನೇ ಒಂದು ಪಾಲು ಅಷ್ಟೇ. ಉಳಿದದ್ದು ಅಂಟು, ಹ್ಯಾಚ್, ಕಿಟಕಿ, ಬ್ಯಾಟರಿ, ಮತ್ತೆ ಅಂಟು.

ಮತ್ತೊಂದು ಕಟ್ಟಿದರೆ ಏನು ಬೇರೆ ಮಾಡುತ್ತೀರಿ?

ಚಾವಣಿಗೆ ತೂತೇ ಕೊರೆಯುವುದಿಲ್ಲ, ಗಾಳಿಗೆ ಗೋಡೆಯ ಕಿಟಕಿ ಸಾಕು. ಮೇಜಿಗೆ ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ನೋಡುತ್ತೇನೆ. ಮೂಲೆಗಳನ್ನು ಮೊದಲು ಒಂದು ಅಡಿ ತುಂಡಿನಲ್ಲಿ ಮಾಡಿ, ಸುತ್ತಿಗೆಯಿಂದ ಒಡೆದು, ಫೋಮ್ ಹರಿಯಿತೋ ಅಂಟು ಬಿಟ್ಟಿತೋ ಎಂದು ನೋಡುತ್ತೇನೆ. ಫೋಮ್ ಹರಿದರೆ ಅಂಟು ಗೆದ್ದಿತು ಎಂದು ಅರ್ಥ. ಚಾವಣಿಗೆ ಎರಡು ಬೆರಳಿನಷ್ಟಾದರೂ ಇಳಿಜಾರು ಕೊಡುತ್ತೇನೆ. ನನ್ನದು ಪೂರ್ತಿ ಸಮತಟ್ಟು. ಮಳೆ ನಿಂತು ಎರಡು ದಿನವಾದರೂ ನಡುವೆ ಒಂದು ಲೋಟ ನೀರು ನಿಂತೇ ಇರುತ್ತದೆ. ಸೊಸೈಟಿಯ ಪಾರಿವಾಳಗಳು ಬಂದು ಕುಡಿದು ಹೋಗುತ್ತವೆ.